ಅಂಗಳಕ್ಕೆ ಬಂದ ದಿಮ್ಮಿ ಕಾಯುವುದಿಲ್ಲ

ಮೇ ತಿಂಗಳ ಕೊನೆ. ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ರಸ್ತೆಯಲ್ಲಿ ವಂಡ್ಸೆ ಪೇಟೆ ಸಿಗುತ್ತದೆ. ಅಲ್ಲಿಂದ ಒಳಗೆ ತಿರುಗುವ ಮಣ್ಣುದಾರಿಯಲ್ಲಿ ಲಾರಿಯೊಂದು ರಿವರ್ಸ್ ಬರುತ್ತಿದೆ. ಮೇಲೆ ಹಲಸು, ಮಾವು, ಒಂದಷ್ಟು ರಬ್ಬರ್. ಕೆಲವು ದಿಮ್ಮಿಗಳ ತುದಿಯಲ್ಲಿ ಇನ್ನೂ ಹಾಲು ಒಸರುತ್ತಿದೆ. ಜಗಲಿಯ ಪಕ್ಕದ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡಿರುವ ಮನೆಯವರು ನಾಲ್ಕು ತುಂಡು ಕೇಳಿದ್ದರು. ಬಂದಿರುವುದು ಇಡೀ ಲೋಡು. 'ಎಲ್ಲ್ ಇಳ್ಸುದ್ ಮಾರಾಯ್ರೆ, ಹೊತ್ತ್ ಹೋಯ್ತ್' ಎಂದು ಚಾಲಕ ಅವಸರಿಸುತ್ತಾನೆ. ಪಡುವಣ ಬಾನಿನಲ್ಲಿ ಮೋಡ ಕಟ್ಟುತ್ತಿದೆ.

ಮಳೆಗಾಲದ ಹೊಸ್ತಿಲಲ್ಲಿ ಕರಾವಳಿಯ ಹಳ್ಳಿಗಳಲ್ಲಿ ಇಂಥ ನೋಟ ಹೊಸದಲ್ಲ. ಗಾಳಿಗೆ ಬಿದ್ದ ಮರ, ಮನೆ ಕಟ್ಟಲು ಕಡಿದ ಮರ, ಹಾಲು ಬತ್ತಿದ ರಬ್ಬರ್ ತೋಟ, ಹೀಗೆ ಮರ ಸಿಗುವಾಗ ಒಟ್ಟಿಗೇ ಸಿಗುತ್ತದೆ. ಅಗ್ಗಕ್ಕೆ ಬಂತೆಂದು ಎಲ್ಲವನ್ನೂ ಇಳಿಸಿಕೊಳ್ಳುವುದು ಸಹಜ. ಬಟ್ಟಲು, ಲಟ್ಟಣಿಗೆ, ಬುಗುರಿ, ತೊಟ್ಟಿಲ ಕಾಲು, ಮೆಟ್ಟಿಲ ಕಂಬ ಕಡೆಯುವವರಿಗೆ ಮರದ ರಾಶಿ ಕಂಡರೆ ವರ್ಷದ ಕೆಲಸ ಅಂಗಳಕ್ಕೆ ಬಂದಂತೆ ಅನ್ನಿಸುತ್ತದೆ.

ಆದರೆ ಹಸಿ ದಿಮ್ಮಿ ಗಂಗೊಳ್ಳಿಯ ದಕ್ಕೆಗೆ ಬಂದ ಮೀನಿನಂತೆ: ಇಳಿದ ಗಳಿಗೆಯಿಂದಲೇ ಅದರ ಬೆಲೆ ಇಳಿಯತೊಡಗುತ್ತದೆ. ವ್ಯತ್ಯಾಸವೆಂದರೆ ಮೀನು ಕೆಟ್ಟದ್ದು ಸಂಜೆಗೇ ತಿಳಿಯುತ್ತದೆ, ಮರ ಕೆಟ್ಟದ್ದು ತಿಳಿಯಲು ಮೂರು ತಿಂಗಳು ಬೇಕು. ಆ ಮೂರು ತಿಂಗಳಲ್ಲಿ ಒಳಗೆ ನಡೆಯುವುದೇನು, ಅದನ್ನು ತಡೆಯಲು ಮೊದಲ ವಾರ ಮಾಡಬೇಕಾದ್ದೇನು ಎಂಬುದೇ ಈ ಲೇಖನದ ವಿಷಯ.

ಮರದೊಳಗಿನ ನೀರು

ಆಗಷ್ಟೇ ಕಡಿದ ಮರದಲ್ಲಿ ನೀರು ಎಷ್ಟಿರುತ್ತದೆ? ಮರವನ್ನು ಪೂರ್ತಿ ಒಣಗಿಸಿದಾಗ ಉಳಿಯುವ ತೂಕದ ಅರ್ಧದಷ್ಟು ನೀರಿರುವ ಜಾತಿಗಳಿವೆ, ಆ ತೂಕವನ್ನೂ ಮೀರುವಷ್ಟು ನೀರಿರುವ ಜಾತಿಗಳೂ ಇವೆ.

ಈ ನೀರು ಎರಡು ಕಡೆ ಇರುತ್ತದೆ. ಮರದ ಸಣ್ಣ ಕೊಳವೆಗಳ ಟೊಳ್ಳಿನಲ್ಲಿ ತುಂಬಿರುವುದು ಒಂದು, ಕೊಳವೆಯ ಗೋಡೆಯಲ್ಲೇ ಹೀರಿಕೊಂಡಿರುವುದು ಇನ್ನೊಂದು. ಟೊಳ್ಳಿನ ನೀರು ಮೊದಲು ಹೋಗುತ್ತದೆ. ಅಲ್ಲಿಯವರೆಗೆ ಮರದ ತೂಕ ಇಳಿಯುತ್ತದೆಯೇ ಹೊರತು ಅಳತೆ ಕುಗ್ಗುವುದಿಲ್ಲ. ತೇವ ಸುಮಾರು 30 ಶೇಕಡಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡುತ್ತದೆ. ಮರ ಕುಗ್ಗುವುದು ಆಗ.

ಕುಗ್ಗುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿದ್ದರೆ ತೊಂದರೆಯೇ ಇರಲಿಲ್ಲ. ಉದ್ದಕ್ಕೆ ಮರ ಕುಗ್ಗುವುದು ನಾಮಮಾತ್ರ. ನಡುವಿನಿಂದ ತೊಗಟೆಯ ಕಡೆಗೆ ಸ್ವಲ್ಪ ಹೆಚ್ಚು. ಸುತ್ತಿನ ದಿಕ್ಕಿನಲ್ಲಿ, ಎಂದರೆ ವರ್ಷವರ್ಷದ ಉಂಗುರಗಳ ಗುಂಟ, ಅದರ ಸುಮಾರು ಎರಡು ಪಾಲು. ಸುತ್ತಳತೆ ಬೇಗ ಕಿರಿದಾಗಬೇಕು, ಆದರೆ ಒಳಗಿನ ತಿರುಳು ಅಷ್ಟು ಕುಗ್ಗಲು ಒಪ್ಪುವುದಿಲ್ಲ. ಈ ಜಗ್ಗಾಟದಲ್ಲಿ ದುಂಡು ದಿಮ್ಮಿ ತೊಗಟೆಯಿಂದ ನಡುವಿನವರೆಗೆ ಸೀಳುತ್ತದೆ. ಇಡಿಯಾಗಿ ಬಿಟ್ಟ ದಿಮ್ಮಿ ಬಿರಿಯುವುದಕ್ಕೆ ಬಿಸಿಲು ಮಾತ್ರ ಕಾರಣವಲ್ಲ, ಅದರ ದುಂಡಗಿನ ಆಕಾರವೂ ಕಾರಣ.

ಇನ್ನೊಂದು ಸಂಗತಿ ತುದಿಗಳದ್ದು. ನೀರು ಮೇಲೇರಲು ಇದ್ದ ಕೊಳವೆಗಳು ಕೊಯ್ದ ತುದಿಯಲ್ಲಿ ಬಾಯಿ ತೆರೆದುಕೊಂಡಿರುತ್ತವೆ. ಪಕ್ಕದ ಮೈಗಿಂತ ಎಷ್ಟೋ ಪಟ್ಟು ವೇಗವಾಗಿ ಅಲ್ಲಿ ತೇವ ಹಾರುತ್ತದೆ. ನಡು ಹಸಿಯಾಗಿರುವಾಗಲೇ ತುದಿ ಒಣಗಿ ಕುಗ್ಗುವುದರಿಂದ ಮೊದಲ ಬಿರುಕು ಕಾಣುವುದೂ ಅಲ್ಲೇ.

ಇಳಿಸುವ ಮುಂಚೆ ಕೇಳಬೇಕಾದ್ದು

ಮೊದಲ ಪ್ರಶ್ನೆ ಕಾಗದದ್ದು. ಸ್ವಂತ ಜಾಗದ ಮರವಾದರೂ ಕಡಿಯಲು 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ತೆಂಗು, ರಬ್ಬರ್, ಗಾಳಿಮರ, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ಸಾಗಿಸಲು 1969ರ ಅರಣ್ಯ ನಿಯಮಗಳಂತೆ ರಹದಾರಿ ಇರಬೇಕಾದ ಜಾತಿಗಳಿವೆ. ಕೊಲ್ಲೂರಿನ ಕಡೆ ಮೂಕಾಂಬಿಕಾ ವನ್ಯಜೀವಿ ಧಾಮ ಇರುವುದರಿಂದ ಈ ರಸ್ತೆಯಲ್ಲಿ ಮರದ ಲಾರಿಯನ್ನು ಯಾರಾದರೂ ನಿಲ್ಲಿಸಿ ಕೇಳಿದರೆ ಆಶ್ಚರ್ಯವಿಲ್ಲ. ಕಾಗದದ ನಕಲು ಇಟ್ಟುಕೊಂಡೇ ಸರಪಳಿ ಬಿಚ್ಚಿಸುವುದು ಒಳ್ಳೆಯದು.

ಎರಡನೆಯದು, ಮರ ನಿಂತಿದ್ದದ್ದು ಎಲ್ಲಿ? ರಸ್ತೆಬದಿಯ ಮಾವಿನಲ್ಲಿ ಬೋರ್ಡು ಹೊಡೆದ ಮೊಳೆ ಇರುತ್ತದೆ. ಗಡಿಯ ಮರದಲ್ಲಿ ಬೇಲಿತಂತಿ, ರಬ್ಬರಿನಲ್ಲಿ ಹಾಲಿನ ಚಿಪ್ಪು ಕಟ್ಟಿದ ತಂತಿ. ಹಳೆಯ ಮೊಳೆಯನ್ನು ಮರ ನುಂಗಿ ಮೇಲೆ ತೊಗಟೆ ಮುಚ್ಚಿರುತ್ತದೆ. ಕೊಯ್ದ ತುದಿಯಲ್ಲಿ ನೀಲಿಗಪ್ಪು ಕಲೆ ಕಂಡರೆ ಒಳಗೆ ಕಬ್ಬಿಣ ಇದೆಯೆಂದು ಅನುಮಾನಿಸಬೇಕು. ಮಿಲ್ಲಿನವರು ಇಂಥ ದಿಮ್ಮಿಯನ್ನು ಮುಟ್ಟಲು ಹಿಂಜರಿಯುವುದು ಇದೇ ಕಾರಣಕ್ಕೆ. ಒಂದು ಮೊಳೆಗೆ ಗರಗಸದ ಹಲ್ಲೇ ಹೋಗುತ್ತದೆ.

ಮೂರನೆಯದು ಮೈಗೆ ಸಂಬಂಧಿಸಿದ್ದು. ಹಲಸಿನ ಮೇಣ ಅಂಟೀತೇ ಹೊರತು ಸುಡದು. ಕೈಗೂ ಗರಗಸದ ಅಲಗಿಗೂ ತೆಂಗಿನೆಣ್ಣೆ ಸವರಿದರೆ ಮುಗಿಯಿತು. ಗೇರುಮರದ ಸೊನೆ ಚರ್ಮ ಸುಡುತ್ತದೆ. ಘಟ್ಟದ ಕೆಳಗಿನ ಕಾಡುಗಳ ಚೇರು ಮರವಂತೂ ಕೆಲವರ ಮೈಯನ್ನು ಗುಳ್ಳೆ ಏಳುವಂತೆ ಊದಿಸುತ್ತದೆ. ಕಾಸರಕನ ಬೀಜ ವಿಷವೆಂದು ಗೊತ್ತಿದ್ದ ಮೇಲೆ ಅದರ ಮರದಲ್ಲಿ ಅಡುಗೆಯ ಬಟ್ಟಲು ಕಡೆಯುವ ಸಾಹಸ ಬೇಡ. ಗುರುತು ಹತ್ತದ ದಿಮ್ಮಿಯನ್ನು ಊರಿನ ಹಿರಿಯ ಆಚಾರಿಯೊಬ್ಬರಿಗೆ ತೋರಿಸಿ ಕೇಳುವವರೆಗೆ ಬೇರೆಯೇ ಇಡಬೇಕು.

ಒಂದು ದಿಮ್ಮಿಯ ಲೆಕ್ಕ

ಟಿಂಬರ್ ಡಿಪೋಗಳಲ್ಲಿ ದುಂಡುಮರವನ್ನು ಅಳೆಯುವ ಕ್ರಮ ಹಳೆಯದು. ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಇನ್ನೊಮ್ಮೆ ಗುಣಿಸುತ್ತಾರೆ. ನಾಲ್ಕು ಅಡಿ ಸುತ್ತು, ಹತ್ತು ಅಡಿ ಉದ್ದದ ಹಲಸು ಇದೆ ಎನ್ನಿ. ಲೆಕ್ಕದಲ್ಲಿ ಅದು 10 ಘನ ಅಡಿ. ನಿಜದಲ್ಲಿ ಆ ದಿಮ್ಮಿಯಲ್ಲಿರುವುದು ಸುಮಾರು 12.7 ಘನ ಅಡಿ. ಕೊಯ್ಯುವಾಗ ಬದಿಯಲ್ಲಿ ಹೋಗುವ ಅಂಚು, ಹೊಟ್ಟನ್ನೆಲ್ಲ ಈ ಕ್ರಮ ಮೊದಲೇ ಬಿಟ್ಟುಕೊಡುತ್ತದೆ. ಕೊಳ್ಳುವವನಿಗೆ ಇದು ಲಾಭ, ಎತ್ತುವವನಿಗೆ ಅಲ್ಲ. ಬೆನ್ನಿಗೆ ಬರುವುದು ಪೂರ್ತಿ 12.7 ಘನ ಅಡಿಯ ಭಾರ. ಹಸಿಯಾಗಿದ್ದರೆ ಅದು ಮುನ್ನೂರು ಕಿಲೋ ಮೀರುತ್ತದೆ.

ಇದೇ ದಿಮ್ಮಿಯನ್ನು ಲೇತಿನ ಕಣ್ಣಿನಿಂದ ನೋಡಿ. ಅದರ ಅಡ್ಡಳತೆ 15 ಇಂಚು. ಮನೆಯಲ್ಲಿರುವ ಲೇತ್ 12 ಇಂಚಿನ ತುಂಡನ್ನಷ್ಟೇ ತಿರುಗಿಸಬಲ್ಲದು ಎಂದುಕೊಳ್ಳಿ. ನಡುವಿನ ಬೆಂಡು ತೆಗೆದು ಉದ್ದಕ್ಕೆ ಎರಡು ಹೋಳು ಮಾಡಿ, ತುದಿಗಳಲ್ಲಿ ಮೂರು ಮೂರು ಇಂಚು ಬಿಟ್ಟರೆ ಒಂದು ಹೋಳಿನಲ್ಲಿ ಒಂಬತ್ತು ಬಟ್ಟಲಿನ ತುಂಡು, ಎರಡರಲ್ಲಿ ಹದಿನೆಂಟು. ಲಾರಿಯಲ್ಲಿ ಇಂಥ ಮೂವತ್ತು ದಿಮ್ಮಿ ಇದ್ದರೆ 540 ಬಟ್ಟಲು. ದಿನಕ್ಕೆ ಆರರಂತೆ ಒರಟಾಗಿ ಕಡೆದರೂ ಒಂದು ದಿನ ಬಿಡದೆ 90 ದಿನದ ಕೆಲಸ.

ಎಲ್ಲ ಕಷ್ಟದ ಬೇರು ಈ ಲೆಕ್ಕದಲ್ಲಿದೆ. ಮಳೆ ಮತ್ತು ಹುಳ ತೊಂಬತ್ತು ದಿನ ಕೊಡುವುದಿಲ್ಲ. ಹಾಗಾಗಿ ಲೋಡು ಇಳಿದ ಮೇಲೆ ಲೇತ್ ಹತ್ತಿರ ಹೋಗುವುದೇ ತಪ್ಪು ಆರಂಭ. ಮೊದಲು ರಾಶಿಯನ್ನೆಲ್ಲ ಕೆಡದ ಸ್ಥಿತಿಗೆ ತರಬೇಕು, ಕಡೆಯುವುದು ಆಮೇಲೆ.

ಮೊದಲ ದಿನ, ಮೊದಲ ವಾರ

ಇಳಿಸುವ ಜಾಗ ಸಮತಟ್ಟಾಗಿರಬೇಕು. ಇಳಿಜಾರಿನಲ್ಲಿ ಉರುಳಿದ ದಿಮ್ಮಿಯನ್ನು ಕೈಯಿಂದ ತಡೆಯುವವರು ಯಾರೂ ಇಲ್ಲ. ಪ್ರತಿ ಸಾಲಿನ ಕೊನೆಗೆ ಬೆಣೆ ಕೊಡಬೇಕು. ಸರಿಸುವಾಗ ಹಾರೆಕೋಲು ಹಾಕಿ ಮೀಟಬೇಕು, ದಿಮ್ಮಿಯ ಕೆಳಬದಿಯಲ್ಲಿ ನಿಲ್ಲಬಾರದು. ನೆಲಕ್ಕೆ ತಾಗದಂತೆ ಎರಡು ಸಾಲು ಮುರಕಲ್ಲು ಇಟ್ಟು ಅದರ ಮೇಲೆ ಇಳಿಸಿದರೆ ಒರಲೆಯೂ ತಡ, ಮುಂದೆ ಗರಗಸ ಹಾಕಲೂ ಸಲೀಸು.

ಅದೇ ಸಂಜೆ ಆಗಬೇಕಾದ ಕೆಲಸ ತುದಿ ಮುಚ್ಚುವುದು. ಕರಗಿಸಿದ ಮೇಣ, ಹಳೆಯ ಬಣ್ಣದ ಡಬ್ಬಿಯ ತಳದಲ್ಲಿ ಉಳಿದ ದಪ್ಪ ಪೈಂಟ್, ಏನೂ ಇಲ್ಲದಿದ್ದರೆ ಸೆಗಣಿಯ ದಪ್ಪ ಲೇಪ. ಉದ್ದೇಶ ಒಂದೇ: ತುದಿಯ ಅವಸರ ಕಡಿಮೆ ಮಾಡಿ ಇಡೀ ದಿಮ್ಮಿ ಒಂದೇ ಗತಿಯಲ್ಲಿ ಒಣಗುವಂತೆ ಮಾಡುವುದು. ವಾರ ಕಳೆದು ಕೂದಲೆಳೆ ಬಿರುಕು ಕಂಡ ಮೇಲೆ ಬಳಿದರೆ ಪ್ರಯೋಜನ ಕಡಿಮೆ.

ಎರಡನೆಯದು ಸೀಳುವುದು. ಉದ್ದಕ್ಕೆ, ನಡುವಿನ ಬೆಂಡನ್ನು ಹಾಯ್ದು. ಹೋಳಾದ ದಿಮ್ಮಿಗೆ ಕುಗ್ಗಲು ದಾರಿ ಸಿಗುತ್ತದೆ. ಅದು ತುಸು ಬಾಗಬಹುದು, ಆದರೆ ಸಿಡಿಯುವುದು ಅಪರೂಪ. ಬೆಂಡಿನ ಆಚೀಚೆ ಒಂದಿಂಚಿನ ಹಲಗೆಯನ್ನು ತೆಗೆದುಬಿಟ್ಟರೆ ಇನ್ನೂ ಕ್ಷೇಮ.

ಸೀಳಲು ಪುರುಸೊತ್ತಿಲ್ಲದ ದಿಮ್ಮಿಗಳನ್ನು ಏನು ಮಾಡುವುದು? ಹೆಚ್ಚಿನವರು ಎಡವುವುದು ಇಲ್ಲಿ. ಎತ್ತಲು ಹಗುರವಾಗಲೆಂದು ಅವನ್ನು ಒಂದೊಂದು ಅಡಿಯ ತುಂಡು ಮಾಡುತ್ತಾರೆ. ಹತ್ತು ಅಡಿಯ ದಿಮ್ಮಿಗೆ ಇದ್ದದ್ದು ಎರಡು ತುದಿ. ಹತ್ತು ತುಂಡಾದ ಮೇಲೆ ಇಪ್ಪತ್ತು. ಪ್ರತಿ ತುದಿಯಿಂದ ಮೂರ್ನಾಲ್ಕು ಇಂಚು ಬಿರುಕು ಒಳಗೆ ನುಗ್ಗಿದರೆ ಒಂದಡಿಯ ತುಂಡಿನಲ್ಲಿ ಉಳಿಯುವುದು ಸೌದೆ. ಕಾಯಿಸಲೇಬೇಕಾದ ದಿಮ್ಮಿಯನ್ನು ಉದ್ದವಾಗಿಯೇ, ತೊಗಟೆಯೊಂದಿಗೆ, ನೆರಳಿನಲ್ಲಿ ಬಿಡಬೇಕು.

ಯಾವುದಕ್ಕೆ ಮೊದಲು ಗರಗಸ

ರಾಶಿಯಲ್ಲಿ ಎಲ್ಲ ಮರದ ಆಯುಸ್ಸೂ ಒಂದೇ ಅಲ್ಲ. ಮೊದಲ ಪಾಳಿ ರಬ್ಬರಿನದು. ವಂಡ್ಸೆಯಿಂದ ಜಡ್ಕಲ್, ಮುದೂರು ಕಡೆಗೆ ಹೋದರೆ ಎರಡೂ ಬದಿ ಕಾಣುವ ರಬ್ಬರ್ ತೋಟಗಳಲ್ಲಿ ಹಾಲು ಕಡಿಮೆಯಾದ ಹಳೆಯ ಮರಗಳನ್ನು ಸಾಲಾಗಿ ಕಡಿದು ಹೊಸದು ನೆಡುತ್ತಾರೆ. ಹಾಗಾಗಿ ಈ ಮರ ಸಿಗುವುದೇ ಲೋಡುಗಟ್ಟಲೆ. ಬಣ್ಣ ಬಿಳುಪು, ಎಳೆ ನೇರ, ಕಡೆಯಲು ಸುಖ. ಆದರೆ ಅದರ ಮೈತುಂಬ ಪಿಷ್ಟ. ಕಡಿದ ಮೂರು ನಾಲ್ಕು ದಿನದಲ್ಲೇ ಬೂಷ್ಟು ಹತ್ತಿ ನೀಲಿ ಕಲೆ ಮೂಡುತ್ತದೆ, ಬೆನ್ನಿಗೇ ಕುಟ್ಟೆ ಹುಳ. ಕಾರ್ಖಾನೆಗಳಲ್ಲಿ ಇದನ್ನು ಕೂಡಲೇ ಕೊಯ್ದು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಉಣಿಸಿ ಒಣಗಿಸುತ್ತಾರೆ.

ಎರಡನೆಯದು ಮಾವು. ಇದಕ್ಕೂ ಬೂಷ್ಟು ಬೇಗ, ಹುಳವೂ ಬೇಗ. ಎಲ್ಲ ಕಲೆಯೂ ನಷ್ಟವಲ್ಲ ಎನ್ನುವುದೂ ನಿಜ. ಬೂಷ್ಟು ಹರಡಿದ ಗಡಿಯಲ್ಲಿ ಮೂಡುವ ಕಪ್ಪು ಗೆರೆಗಳ ಬಟ್ಟಲಿಗೆ ಮೆಚ್ಚುವ ಗಿರಾಕಿಗಳಿದ್ದಾರೆ. ಆದರೆ ಆ ಚೆಲುವಿಗೂ ಕೊಳೆತಕ್ಕೂ ನಡುವೆ ಕರಾವಳಿಯ ಮಳೆಯಲ್ಲಿ ಅಂತರ ಕೆಲವೇ ವಾರ. ಉಗುರು ಒತ್ತಿದರೆ ತಗ್ಗುವ ಮರ ಲೇತಿನಲ್ಲಿ ನಿಲ್ಲುವುದಿಲ್ಲ. ಅದರ ಹುಡಿ ಎದೆಗೂ ಒಳ್ಳೆಯದಲ್ಲ.

ಹಲಸು, ಹೊನ್ನೆ, ತೇಗಗಳ ಕೆಚ್ಚು ತಾಳಿಕೊಳ್ಳುತ್ತದೆ. ಹಲಸಿನ ಹಳದಿ ಕೆಚ್ಚಿಗೆ ಹುಳ ಬೀಳುವುದು ಕಡಿಮೆ, ಹೊರಸುತ್ತಿನ ಬಿಳಿ ಭಾಗಕ್ಕೆ ಮಾತ್ರ ಬೀಳುತ್ತದೆ. ಉಪ್ಪಿನಕಾಯಿಗೂ ಅನ್ನ ಬಸಿಯುವುದಕ್ಕೂ ಹಿಂದಿನವರು ಹಲಸಿನ ಮರಿಗೆ ತೋಡಿಸುತ್ತಿದ್ದದ್ದು ಸುಮ್ಮನಲ್ಲ. ಆದ್ದರಿಂದ ಹಲಸು ಕೊನೆಗಾಗಲಿ, ತುದಿ ಮುಚ್ಚಿದ್ದರೆ ಸಾಕು.

ಇನ್ನೊಂದು ಹಳೆಯ ಉಪಾಯ ನೀರು. ದಿಮ್ಮಿಯನ್ನು ಕೆರೆಯಲ್ಲೋ ಮದಗದಲ್ಲೋ ಪೂರ್ತಿ ಮುಳುಗಿಸಿಟ್ಟರೆ ಒಳಗೆ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆ ಬೂಷ್ಟೂ ಇಲ್ಲ, ಹುಳವೂ ಇಲ್ಲ, ಒಣಗದೆ ಬಿರುಕೂ ಇಲ್ಲ. ಅರ್ಧ ಮುಳುಗಿ ಅರ್ಧ ತೇಲಿದರೆ ಮಾತ್ರ ಮೇಲಿನರ್ಧ ಕೆಡುತ್ತದೆ.

ಮಳೆಗಾಲದ ಶೆಡ್ಡು

ಸೀಳಿದ ಹೋಳು, ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಪೇರಿಸಬಾರದು. ನಡುನಡುವೆ ಒಂದಿಂಚಿನ ಒಣ ಪಟ್ಟಿ ಇಡಬೇಕು, ಪಟ್ಟಿಗಳು ಕೆಳಗಿನಿಂದ ಮೇಲಿನವರೆಗೆ ಒಂದೇ ನೇರಕ್ಕೆ ಬರಬೇಕು. ಮೇಲೆ ಶೀಟು, ನಾಲ್ಕೂ ಕಡೆ ಗಾಳಿ. ಟಾರ್ಪಾಲು ಸುತ್ತಿ ಕಟ್ಟಿದರೆ ಒಳಗೆ ಬೆವರು ನಿಂತು ವಾರದಲ್ಲಿ ಬಿಳಿ ಬೂಷ್ಟು ಏಳುತ್ತದೆ. ದಪ್ಪ ಒಂದಿಂಚಿಗೆ ಒಂದು ವರ್ಷ ಎನ್ನುವುದು ಗಾಳಿಯಲ್ಲಿ ಒಣಗಿಸುವವರ ಅಂದಾಜು ಲೆಕ್ಕ.

ಆದರೆ ಒಣಗಿತು ಎನ್ನುವುದು ಊರಿಗೊಂದು ಅರ್ಥದ ಮಾತು. ಮರ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ, ಆಷಾಢದ ಗಾಳಿಯಲ್ಲಿ 90 ಶೇಕಡ ತೇವವಿದ್ದಾಗ ಮರ 20 ಶೇಕಡಕ್ಕಿಂತ ಕೆಳಗೆ ಒಣಗುವುದೇ ಇಲ್ಲ. ಗಾಳಿಯ ತೇವ 65 ಶೇಕಡ ಇದ್ದರೆ ಮರದ್ದು 12ರ ಹತ್ತಿರ, 40 ಇದ್ದರೆ 8ಕ್ಕಿಂತ ಕಡಿಮೆ. ಶ್ರಾವಣದಲ್ಲಿ ವಂಡ್ಸೆಯಲ್ಲಿ ನುಣ್ಣಗೆ ಕಡೆದು ಪಾಲಿಶ್ ಮಾಡಿದ ಬಟ್ಟಲು ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಮನೆಯೊಂದರಲ್ಲಿ ಬಿರಿದರೆ ಅದು ಕಡೆದವರ ಕೈಯ ದೋಷವಲ್ಲ, ಕಾಲದ ದೋಷ. ಮಳೆಗಾಲದಲ್ಲಿ ಒರಟು ಕೆಲಸ, ಜನವರಿಯ ನಂತರ ನಯದ ಕೆಲಸ ಎಂದು ಪಾಲು ಮಾಡಿಕೊಳ್ಳುವುದು ಇಲ್ಲಿನ ಹವೆಗೆ ಹೊಂದುವ ಪದ್ಧತಿ.

ಚನ್ನಪಟ್ಟಣದ ಪಾಠ

ಮರ ಕಡೆಯುವುದೇ ಊರಿನ ಕಸುಬಾದ ಜಾಗ ಕರ್ನಾಟಕದಲ್ಲಿ ಚನ್ನಪಟ್ಟಣ. ಅಲ್ಲಿನ ಅರಗಿನ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬಳಸುವ ಮುಖ್ಯ ಮರ ಆಲೆ. ಇದನ್ನು ಹಾಲೆ ಎಂದೂ ಕರೆಯುತ್ತಾರೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ನಾವು ತೊಗಟೆಯ ಕಷಾಯ ಕುಡಿಯುವ ಕರಾವಳಿಯ ಹಾಲೆ ಬೇರೆಯೇ ಮರ. ಆಂಧ್ರದ ಏಟಿಕೊಪ್ಪಾಕದ ಬೊಂಬೆಗಾರರು ಅಂಕುಡು ಎಂದು ಬಳಸುವುದೂ ಚನ್ನಪಟ್ಟಣದ ಈ ಆಲೆಯನ್ನೇ.

ಆಲೆಯ ಗುಣವೆಂದರೆ ಅದು ದೊಡ್ಡ ದಿಮ್ಮಿಯಾಗಿ ಬರುವುದು ಕಡಿಮೆ. ತೋಳಿನಷ್ಟು, ತೊಡೆಯಷ್ಟು ದಪ್ಪದ ಕೊಂಬೆಗಳೇ ಹೆಚ್ಚು. ತೊಗಟೆ ತೆಗೆದು ಎರಡು ಮೂರು ತಿಂಗಳು ಒಣಗಲು ಬಿಟ್ಟು, ಬೇಕಾದ ಅಳತೆಗೆ ಕೊಯ್ದು ಲೇತಿಗೆ ಕೊಡುತ್ತಾರೆ. ತಿರುಗುವ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಹತ್ತುತ್ತದೆ, ಕೇದಗೆಯ ಎಲೆಯಿಂದ ತಿಕ್ಕಿದರೆ ಹೊಳಪು. ಮರ ಹಸಿಯಿದ್ದರೆ ಅರಗು ನಿಲ್ಲುವುದಿಲ್ಲ. ಹಾಗಾಗಿ ಒಣಗಿಸುವುದು ಅಲ್ಲಿ ಕೆಲಸದ ಮುಂಚಿನ ಮಾತಲ್ಲ, ಕೆಲಸದ್ದೇ ಒಂದು ಭಾಗ. ಮುಖ್ಯವಾದ ಪಾಠ ಇನ್ನೊಂದಿದೆ. ಅಲ್ಲಿ ವಸ್ತುವಿನ ಅಳತೆಗೆ ತಕ್ಕ ಗಾತ್ರದ ಮರ ಕೊಳ್ಳುತ್ತಾರೆ. ಬೊಂಬೆಯ ತಲೆ ಮೂರಿಂಚಾದರೆ ಹದಿನೈದಿಂಚಿನ ದಿಮ್ಮಿ ಅವರಿಗೆ ಬೇಡ.

ಹಸಿಯಲ್ಲೇ ಕಡೆಯುವುದು

ಒಣಗುವವರೆಗೆ ಕಾಯದೆ ಹಸಿಯಲ್ಲೇ ಅರ್ಧ ಕೆಲಸ ಮುಗಿಸುವ ದಾರಿಯೂ ಇದೆ. ಇಂಗ್ಲೆಂಡಿನ ಚಿಲ್ಟರ್ನ್ಸ್ ಬೆಟ್ಟಗಳ ಬೀಚ್ ಕಾಡುಗಳಲ್ಲಿ ಹಿಂದೆ 'ಬಾಡ್ಜರ್' ಎಂಬ ಕಸುಬಿನವರಿದ್ದರು. ದಿಮ್ಮಿಯನ್ನು ಊರಿಗೆ ಎಳೆಯುವ ಬದಲು ಕಾಡಿನಲ್ಲೇ ಕಾಲಿನಿಂದ ತುಳಿಯುವ ಲೇತ್ ಹೂಡಿ, ಹಸಿ ಮರದಲ್ಲೇ ಕುರ್ಚಿಯ ಕಾಲು ಕಡೆದು, ಅವನ್ನು ಹೈ ವಿಕೋಂಬಿನ ಕುರ್ಚಿ ಕಾರ್ಖಾನೆಗಳಿಗೆ ಕೊಡುತ್ತಿದ್ದರು. ಹಸಿ ಮರ ಉಳಿಗೆ ಮೆತ್ತಗೆ, ತೆಳ್ಳಗಿನ ಕಾಲು ಒಣಗುವುದೂ ಬೇಗ.

ಬಟ್ಟಲಿಗೂ ಇದೇ ಕ್ರಮ. ಹಸಿ ತುಂಡನ್ನು ಒರಟಾಗಿ ಕಡೆದು ಒಳಗು ತೋಡಬೇಕು, ಗೋಡೆಯ ದಪ್ಪ ಅಡ್ಡಳತೆಯ ಹತ್ತರಲ್ಲೊಂದು ಪಾಲು ಉಳಿಯಬೇಕು. 12 ಇಂಚಿನ ಬಟ್ಟಲಿಗೆ ಒಂದೂಕಾಲು ಇಂಚು. ಅದನ್ನು ಅದರದ್ದೇ ಸಿಪ್ಪೆಯೊಂದಿಗೆ ಕಾಗದದ ಚೀಲದಲ್ಲಿ ಹಾಕಿ, ದಿನಾಂಕ ಬರೆದು, ಬೀಸುಗಾಳಿ ತಾಗದ ಕಡೆ ಇಡಬೇಕು. ಬಟ್ಟಲು ಒಣಗುತ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ದಪ್ಪ ಇರುವುದರಿಂದ ಎರಡನೇ ಸಲ ಕಡೆದಾಗ ಪುನಃ ದುಂಡಗಾಗುತ್ತದೆ. ಒಣಗಿದ್ದು ತಿಳಿಯಲು ದುಬಾರಿ ಉಪಕರಣ ಬೇಡ, ಅಂಗಡಿಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಬಟ್ಟಲ ತಳದಲ್ಲೇ ಪೆನ್ಸಿಲಿನಲ್ಲಿ ಬರೆಯಬೇಕು. ಮೂರ್ನಾಲ್ಕು ವಾರ ತೂಕ ಇಳಿಯದೆ ನಿಂತರೆ ಮರ ಆ ಹವೆಗೆ ಹೊಂದಿಕೊಂಡಿತು ಎಂದು ತಿಳಿಯಬಹುದು.

ಇಡೀ ದಿಮ್ಮಿ ಒಣಗಲು ವರ್ಷಗಳು ಬೇಕಾದಲ್ಲಿ ಒರಟು ಬಟ್ಟಲಿಗೆ ಕೆಲವು ತಿಂಗಳು ಸಾಕು. ಹುಳ ಬೀಳುವ ರಬ್ಬರ್, ಮಾವುಗಳಿಗೆ ಸಣ್ಣ ಕೆಲಸಗಾರನ ಕೈಯಲ್ಲಿರುವ ಒಳ್ಳೆಯ ಉಪಾಯ ಇದೇ.

ಹೆಚ್ಚಾದದ್ದನ್ನು ಬಿಟ್ಟುಕೊಡುವುದು

ಇಷ್ಟೆಲ್ಲ ಮಾಡಿದರೂ ಪೂರ್ತಿ ಲೋಡು ಒಬ್ಬರ ಕೈಗೆ ಮೀರಿದ್ದೇ. ಅದನ್ನು ಮೊದಲ ವಾರವೇ ಒಪ್ಪಿಕೊಂಡರೆ ನಷ್ಟ ಕಡಿಮೆ. ಉದ್ದದ ನೇರ ಹಲಸು ಮಿಲ್ಲಿಗೆ ಹೋಗಿ ಬಾಗಿಲ ದಾರಂದವಾಗಲಿ. ದಪ್ಪ ಬೊಡ್ಡೆ ಚಂಡೆಯ ಕಳಸಿಗೆ ಮಾಡುವವರಿಗೆ ಬೇಕಿರಬಹುದು, ಕೇಳಿ ನೋಡಬೇಕು. ಗಂಟುಗಂಟಾದದ್ದು ಸೌದೆಗೆ. ತಾಜಾ ಇರುವಾಗ ಈ ಮೂವರೂ ದುಡ್ಡು ಕೊಡುತ್ತಾರೆ. ಬಿರಿದು ಬೂಷ್ಟು ಹಿಡಿದ ಮೇಲೆ ಸೌದೆಯವನೊಬ್ಬನೇ ಬರುತ್ತಾನೆ, ಅವನೂ ಚೌಕಾಸಿ ಮಾಡುತ್ತಾನೆ.

ಮುಂದಿನ ಸಲ ಫೋನು ಮಾಡುವಾಗ ಹೇಳಬೇಕಾದ ಅಳತೆಯೂ ಇದರಿಂದಲೇ ಸಿಗುತ್ತದೆ. ಗುಡ್ಡೆ ಎಷ್ಟು ಅಗ್ಗ, ಅಂಗಳ ಎಷ್ಟು ಅಗಲ ಎಂಬುದನ್ನು ಬದಿಗಿಟ್ಟು, ಒಂದು ವಾರದಲ್ಲಿ ತುದಿ ಬಳಿದು, ಸೀಳಿ, ಪಟ್ಟಿಯಿಟ್ಟು ಪೇರಿಸಲು ಮನೆಯ ಜನಕ್ಕೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಬೇಕು. ಇಬ್ಬರಿರುವ ಮನೆಗೆ ಅದು ಐದಾರು ದಿಮ್ಮಿ ದಾಟುವುದು ಕಷ್ಟ. ಲೋಡೇ ಬೇಕೆಂದು ವ್ಯಾಪಾರಿ ಹಟ ಹಿಡಿದರೆ ಲೇತ್ ಇರುವ ಇನ್ನೆರಡು ಮನೆಯವರನ್ನೂ ಮಿಲ್ಲಿನವರನ್ನೂ ಸೇರಿಸಿಕೊಂಡು ತರಿಸಿ, ಲಾರಿ ನಿಂತಲ್ಲೇ ಪಾಲು ಮಾಡಿಕೊಂಡರೆ ಆಯಿತು.